ಎಡಗಡೆಯ ನಾಲ್ಕು ಕೊಡ ನೀರು

ದಾವಣಗೆರೆಯ ಆನೆಕೊಂಡದಲ್ಲಿ ನಾನು ಈಗ ಇರುವ ಮನೆಯ ಪಕ್ಕಕ್ಕೆ ಒಂದು ಪಂಕ್ಚರ್ ಅಂಗಡಿ ಇದೆ. ಬೆಳಿಗ್ಗೆ ಎಂಟು ಗಂಟೆಗೆಲ್ಲ ಅಂಗಡಿಯವನು ಟ್ಯೂಬು ಉಜ್ಜಿ ಸಲ್ಯೂಷನ್ ಹಚ್ಚಲು ಶುರು ಮಾಡುತ್ತಾನೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದರೆ ರೊಟ್ಟಿ ಬಡಿಯುವ ನನ್ನ ಕೈ ನಿಂತುಬಿಡುತ್ತದೆ. ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೊರಡುವ ಹೊತ್ತು ಅದು. ನಿಲ್ಲಲು ಪುರುಸೊತ್ತಿಲ್ಲ. ಆದರೂ ನಿಲ್ಲುತ್ತೇನೆ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತದೆ, ನನ್ನ ತಲೆಯೊಳಗೆ ತುಂಗಭದ್ರೆಯ ಮೇಲೆ ಒಂದು ದೋಣಿ ಮೆಲ್ಲಗೆ ಎಡಕ್ಕೆ ಎಳೆಯುತ್ತಾ ಹೋಗುತ್ತದೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಆ ಏಳು ಕ್ಲಾಸೂ ಅಣ್ಣ ಕೊಡಿಸಿದ್ದು. ಶಾಲೆ ಹೊಳೆಯ ಆಚೆ ದಂಡೆಗಿತ್ತು. ಅವನು ಮೂರನೇ ಕ್ಲಾಸಿಗೇ ಬಿಟ್ಟು ಅಪ್ಪನ ತೆಪ್ಪ ಹಿಡಿದಿದ್ದ. ದಿನಾ ನನ್ನನ್ನು ಆಚೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದ. ಅವನ ಹೆಸರು ಹನುಮಂತ. ಹರಿಹರದಿಂದ ಉಕ್ಕಡಗಾತ್ರಿಯವರೆಗೆ ಹೊಳೆಯ ದಂಡೆಗೆ ಇದ್ದವರಿಗೆಲ್ಲ ತೆಪ್ಪದ ಹನುಮಂತ ಅಂದರೆ ಗೊತ್ತು. ನಾನು ಹೇಳಬೇಕಾಗಿರುವುದು ಎರಡು ವರ್ಷದ ಹಿಂದಿನ ಒಂದು ಹಂಗಾಮಿನ ಮಾತು. ದೀಪಾವಳಿಗೆ ಹೊಳೆ ಇಳಿದು ತಿಳಿಯಾದಾಗ ಶುರುವಾಗಿ, ಶಿವರಾತ್ರಿಯ ಹೊತ್ತಿಗೆ ಮುಗಿದುಹೋಯಿತು.

ಗಂಡ ತೀರಿದ ಮೇಲೆ ನಾನು ಅಣ್ಣ ಅತ್ತಿಗೆಯ ಮನೆಗೇ ಬಂದಿದ್ದೆ. ತೆಪ್ಪಕ್ಕೆ ಆಗಲೇ ಜನ ಬರುತ್ತಿರಲಿಲ್ಲ. ಎಲ್ಲ ಕಡೆ ಸೇತುವೆ, ಎಲ್ಲರ ಹತ್ತಿರ ಬೈಕು. ಹೊಳೆಯ ದಂಡೆಗೆ ತೋಟ ಇದ್ದ ಗುರುಶಾಂತಪ್ಪ ಸಾವ್ಕಾರ್ರು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಇರುತ್ತಿದ್ದರು, ಬಟ್ಟೆ ವ್ಯಾಪಾರ. ಅವರು ಎಲ್ಲಿಯೋ ಕೆರೆಯ ಮೇಲೆ ನೋಡಿ ಬಂದು ಒಂದು ದೋಣಿ ತರಿಸಿದರು. ಭಾನುವಾರ ಸುತ್ತಾಡಲು ಬರುವವರು, ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಅಜ್ಜಯ್ಯನ ಗದ್ದುಗೆಗೆ ಹೋಗುವವರು, ಇವರನ್ನೆಲ್ಲ ಹತ್ತಿಸಿಕೊಂಡು ಹೊಳೆಯಲ್ಲಿ ಒಂದು ಸುತ್ತು ಹಾಕಿಸುವುದು ಅವರ ಲೆಕ್ಕಾಚಾರ.

ದೋಣಿ ಲಾರಿಯ ಮೇಲೆ ಬಂದ ದಿನ ಊರವರೆಲ್ಲ ದಂಡೆಗೆ ಬಂದಿದ್ದರು. ದೋಣಿ ಅಂದರೆ ದೋಣಿಯಂತೆ ಇರಲಿಲ್ಲ. ಕೆಳಗೆ ಎರಡು ಉದ್ದನೆಯ ಅಲ್ಯುಮಿನಿಯಂ ಕೊಳವೆ, ಎರಡೂ ತುದಿ ಮುಚ್ಚಿದ್ದು, ಒಳಗೆ ಬರೀ ಗಾಳಿ. ಅವುಗಳ ಮೇಲೆ ಸಪಾಟು ಹಲಗೆ, ಸುತ್ತ ಕಟಾಂಜನ, ಬೆಂಚು, ಮೇಲೆ ನೀಲಿ ಚಪ್ಪರ, ಹಿಂದೆ ಒಂದು ಇಂಜಿನ್ನು. ಪಾಂಟೂನ್ ಬೋಟು ಅಂತ ಹೇಳಿದರು. ಅಣ್ಣ ಒಂದು ಸುತ್ತು ನೋಡಿ, "ಇದೇನ್ರಿ ಸಾವ್ಕಾರ್ರೆ, ಯಾರ ಮನೆ ಜಗಲಿ ಕಿತ್ಕೊಂಡು ಬಂದ್ರಿ?" ಅಂದ. ಅವತ್ತಿನಿಂದ ಅದರ ಹೆಸರು ಜಗಲಿ ಅಂತಲೇ ಆಯಿತು.

ಜಗಲಿ ನಡೆಸುವುದು ಅಣ್ಣನ ಕೆಲಸ. ಹತ್ತಿದವರಿಗೆ ಲೈಫ್ ಜಾಕೆಟ್ಟು ತೊಡಿಸುವುದು, ಹಲಗೆ ತೊಳೆಯುವುದು ನನ್ನದು. ಇನ್ನೊಂದು ಕೆಲಸವೂ ನನಗೆ ಬಂತು. ಎರಡೂ ಕೊಳವೆಗಳ ಹಿಂಭಾಗದಲ್ಲಿ ಅಂಗೈ ಅಗಲದ ಒಂದೊಂದು ತಿರುಗಿಸುವ ಮುಚ್ಚಳ ಇತ್ತು. ಸಂಜೆ ಅದನ್ನು ಬಿಚ್ಚಿ, ಒಳಗೆ ಕೋಲು ಇಳಿಸಿ, ನೀರು ಸೇರಿದೆಯೋ ಇಲ್ಲವೋ ನೋಡಿ ಪುಸ್ತಕದಲ್ಲಿ ಬರೆಯಬೇಕು. ದೋಣಿಯ ಜೊತೆಗೆ ಬಂದಿದ್ದ ಮೆಕ್ಯಾನಿಕ್ಕು, "ಇಲ್ಲಿ ಓದಿದೋರು ಯಾರು?" ಅಂತ ಕೇಳಿದ. ಅಣ್ಣ ನನ್ನ ಕಡೆ ತೋರಿಸಿ, "ನಮ್ಮ ರತ್ನಿ ಓದಿದೋಳು" ಅಂದ. ನನ್ನನ್ನು ಹಾಗೆ ಅಂದದ್ದು ಅದೇ ಮೊದಲು. ಮೆಕ್ಯಾನಿಕ್ಕು ಎಲ್ಲವನ್ನೂ ನನಗೇ ಹೇಳಿಕೊಟ್ಟ. ಮುಚ್ಚಳಕ್ಕೆ ಒಳಗೆ ರಬ್ಬರ್ ವಾಷರು ಇದೆ, ಕೈಯಿಂದಲೇ ಬಿಗಿ ಮಾಡು, ಪಾನ, ಅದೇ ಸ್ಪ್ಯಾನರು, ಹಚ್ಚಬೇಡ ಅಂತ ಎರಡು ಸಲ ಹೇಳಿದ. ನಾನು ಅದನ್ನೂ ಬರೆದುಕೊಂಡೆ.

ಮೊದಲ ಎರಡು ವಾರ ಜಗಲಿಯ ಗುಣ ನಮಗೆ ತಿಳಿಯಲೇ ಇಲ್ಲ. ತೆಪ್ಪ ಅಂದರೆ ಹುಟ್ಟು ಹಾಕಿದ ಕಡೆ ತಿರುಗುತ್ತದೆ, ನಿಲ್ಲಿಸಬೇಕು ಅನಿಸಿದರೆ ಸುಮ್ಮನೆ ಕೈ ಬಿಟ್ಟರೆ ಆಯಿತು. ಇದು ಹಾಗಲ್ಲ. ದಂಡೆ ಹತ್ತಿರ ಬಂತು ಅಂತ ಅಣ್ಣ ಇಂಜಿನ್ನು ಸಣ್ಣ ಮಾಡಿದರೆ ಚಕ್ರ ತಿರುಗಿಸಿದರೂ ದೋಣಿ ಮಾತು ಕೇಳುತ್ತಿರಲಿಲ್ಲ, ನೀರು ಕರೆದ ಕಡೆಗೆ ಹೋಗುತ್ತಿತ್ತು. ದಂಡೆಗೆ ಹಚ್ಚುವಾಗಲೂ ಸ್ವಲ್ಪ ಜೋರು ಕೊಡಬೇಕು ಅನ್ನುವುದು ಅವನ ನಲವತ್ತು ವರ್ಷದ ಬುದ್ಧಿಗೆ ಉಲ್ಟಾ. ಮಧ್ಯಾಹ್ನ ಮೂರರ ಮೇಲೆ ಗಾಳಿ ಎದ್ದರೆ ಚಪ್ಪರಕ್ಕೆ ಹೊಡೆದು ದೋಣಿಯನ್ನು ಏಡಿಯ ಹಾಗೆ ಅಡ್ಡಡ್ಡ ಒಯ್ಯುತ್ತಿತ್ತು. ಹಿಂದಕ್ಕೆ ಬಿಟ್ಟರೆ ಬಾಲ ಒಂದೇ ಕಡೆ ತಿರುಗುತ್ತಿತ್ತು. ಅಂತರಗಂಗೆಯ ಬಳ್ಳಿ ಸಿಕ್ಕಿಕೊಂಡರೆ ಇಂಜಿನ್ನಿಗೆ ಕೆಮ್ಮು. ಜನರೆಲ್ಲ ಫೋಟೋಕ್ಕೆ ಅಂತ ಮುಂದಕ್ಕೆ ಹೋದರೆ ಮೂಗು ಮುಳುಗಿ ನೀರು ಹಲಗೆಯ ಮೇಲೆ ಬಂದು ಎಲ್ಲರ ಚಪ್ಪಲಿ ತೇಲುತ್ತಿತ್ತು.

ಅಣ್ಣ ಇದನ್ನೆಲ್ಲ ಕಾಲಿನಿಂದ ಕಲಿತ. ಅವನು ನೀರಿನ ಮೇಲೆ ಯಾವತ್ತೂ ಚಪ್ಪಲಿ ಮೆಟ್ಟಿದವನಲ್ಲ. ತೆಪ್ಪದಲ್ಲಿ ಜನ ಕೂತ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ, ಅಂಗಾಲಿನಿಂದ ತೂಕ ನೋಡುತ್ತಿದ್ದ. ಆಮೇಲೆ ಇವರನ್ನು ಆಚೆ, ಅವರನ್ನು ಈಚೆ ಮಾಡುತ್ತಿದ್ದ. ಜಗಲಿಯ ಮೇಲೂ ಅದೇ.

"ಅಕ್ಕಾರೆ, ನೀವು ಈ ಬೆಂಚಿಗೆ ಬರ್ರಿ. ದೋಣಿಗೆ ನಿಮ್ಮ ಮ್ಯಾಲೆ ಮೋಹ ಹೆಚ್ಚಾಗೈತೆ, ಒಂದೇ ಕಡಿಗೆ ವಾಲಾಕತ್ತೈತೆ."

"ನಾನೊಬ್ಳೇನಾ ದಪ್ಪ? ನಮ್ಮ ಯಜಮಾನ್ರನ್ನ ನೋಡ್ರಿ."

"ಅವರನ್ನ ನಡುವಿಗೆ ಕೂಡ್ರಿಸೀನಿ ಬಿಡ್ರಿ. ನಂದೀಶ್ವರ ನಡುವಿಗೇ ಇರ್ಬೇಕು."

ಜನ ನಗುತ್ತಿದ್ದರು. ನಗುತ್ತಲೇ ಅವನು ಹೇಳಿದ ಜಾಗಕ್ಕೆ ಹೋಗುತ್ತಿದ್ದರು. ಕಾರ್ತಿಕ ಮುಗಿಯುವ ಹೊತ್ತಿಗೆ ಜಗಲಿ ಅವನ ಕೈಗೆ ಬಂತು. ಗಾಳಿ ಬಂದರೆ ಯಾವ ಕಡೆ ಮೂಗು ಹಿಡಿಯಬೇಕು, ಮೆಟ್ಟಿಲಿಗೆ ಎಷ್ಟು ದೂರದಿಂದ ಓರೆಯಾಗಿ ಬರಬೇಕು, ಎಲ್ಲ. ಒಂದು ದಿನ ಸಂಜೆ ಅವನೇ ಹೇಳಿದ, "ಇದು ಎಮ್ಮಿ ಇದ್ದಂಗ ಐತೆ ರತ್ನಿ. ಹೊಡದ್ರೆ ಕೇಳಂಗಿಲ್ಲ. ಅದು ತಿರುಗೋ ಮೊದಲೇ ಅದಕ್ಕೆ ಹೇಳಿ ಇಡ್ಬೇಕು."

ನನ್ನ ತಪ್ಪು ಆಗಿದ್ದು ಅದೇ ವಾರ. ಎಡಗಡೆಯ ಮುಚ್ಚಳ ಸಡಿಲ ಅನಿಸಿತು. ಕೈಯಿಂದ ತಿರುಗಿಸಿದೆ, ಸಮಾಧಾನ ಆಗಲಿಲ್ಲ. ನನ್ನ ಸುಪರ್ದಿನ ಕೆಲಸ, ಚೆನ್ನಾಗಿ ಮಾಡಬೇಕು ಅಂತ ಇಂಜಿನ್ನಿನ ಪೆಟ್ಟಿಗೆಯಿಂದ ಪಾನ ತಂದು ಬಿಗಿದೆ. ಒಳಗೆ ಏನೋ ಚಟ್ ಅಂದಿತು. ಬಿಚ್ಚಿ ನೋಡಿದರೆ ವಾಷರು ಎರಡು ತುಂಡು.

ಹೇಳಬಹುದಿತ್ತು. ಸಾವ್ಕಾರ್ರು ಬೈದಿದ್ದರೆ ಎಷ್ಟು ಬೈಯುತ್ತಿದ್ದರು? ಆದರೆ ಮೆಕ್ಯಾನಿಕ್ಕು ಎರಡು ಸಲ ಹೇಳಿದ್ದ, ನಾನು ನನ್ನ ಕೈಯಿಂದಲೇ ಬರೆದುಕೊಂಡಿದ್ದೆ. ಓದಿದವಳು. ಹರಿಹರಕ್ಕೆ ಸಂತೆಗೆ ಹೋದಾಗ ಸೈಕಲ್ ಟ್ಯೂಬಿನ ತುಂಡು, ಸಲ್ಯೂಷನ್ ಡಬ್ಬಿ ತಂದೆ. ದುಂಡಗೆ ಕತ್ತರಿಸಿ ಅಂಟಿಸಿ ಮುಚ್ಚಳ ಹಾಕಿದೆ. ಆಮೇಲೆ ಒಂದು ತೊಡಕು ಕಂಡಿತು. ಮುಚ್ಚಳ ಬಿಚ್ಚಿದರೆ ಅಂಟು ಹರಿಯುತ್ತದೆ. ಹಾಗಾಗಿ ಎಡಗಡೆಯದನ್ನು ನಾನು ಬಿಚ್ಚುವುದನ್ನೇ ಬಿಟ್ಟೆ. ಪುಸ್ತಕದಲ್ಲಿ ಮಾತ್ರ ದಿನಾ ಬರೆಯುತ್ತಿದ್ದೆ: ಎಡ, ಒಣ. ಬಲ, ಒಣ.

ಆ ತೇಪೆಯ ಸಂದಿನಿಂದ ಕೊಳವೆಯೊಳಗೆ ನೀರು ಹೋಗುತ್ತಿತ್ತು ಅಂತ ನನಗೆ ಆಗ ಗೊತ್ತಿತ್ತೋ ಇಲ್ಲವೋ. ಇದನ್ನು ಎಷ್ಟು ಸಲ ಕೇಳಿಕೊಂಡರೂ ಒಂದೇ ಉತ್ತರ ಬರುವುದಿಲ್ಲ. ಒಂದು ದಿನ ಗೊತ್ತಿತ್ತು ಅನಿಸುತ್ತದೆ. ಇನ್ನೊಂದು ದಿನ, ಇಲ್ಲ, ಜಗಲಿಗೆ ಅಷ್ಟೊಂದು ಚಾಳಿಗಳಿದ್ದವಲ್ಲ, ಇದೂ ಅದರಲ್ಲಿ ಒಂದು ಅಂತಲೇ ನಂಬಿದ್ದೆ ಅನಿಸುತ್ತದೆ. ಎಡಕ್ಕೆ ಎಳೆದರೆ ಗಾಳಿ ಅಂದುಕೊಂಡೆ. ಗಾಳಿ ಇಲ್ಲದ ದಿನ ಎಳೆದರೆ ಬಳ್ಳಿ ಸಿಕ್ಕಿದೆ ಅಂದುಕೊಂಡೆ. ಬಳ್ಳಿ ಇಲ್ಲದಿದ್ದರೆ ಜನ ಕೂತದ್ದು ಸರಿಯಿಲ್ಲ ಅಂದುಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ಅಣ್ಣ ಗೊಣಗಲು ಶುರು ಮಾಡಿದ. ಖಾಲಿ ದೋಣಿಯಲ್ಲಿ ನಿಂತು ಒಂದು ಕಾಲು, ಮತ್ತೊಂದು ಕಾಲು ಅಂತ ಭಾರ ಹಾಕಿ ನೋಡುತ್ತಿದ್ದ.

"ರತ್ನಿ, ಎಡಕ್ಕೆ ತೂಕ ಐತೆ."

"ಯಾರೂ ಇಲ್ಲ ಹತ್ತಿದ್ದೋರು. ತೂಕ ಎಲ್ಲಿಂದ ಬರ್ತೈತೆ?"

"ಅದೇ ತಿಳೀವಲ್ದು. ನಿಲ್ಲಿಸೋವಾಗ ಒಳಗೆ ಏನೋ ಮುಂದಕ್ಕೆ ಓಡ್ತೈತೆ. ಬಸ್ಸು ಬ್ರೇಕ್ ಹಾಕ್ದಾಗ ಸೀಟಿನ ಕೆಳಗೆ ಕೊಡ ಉರುಳಿದಂಗೆ."

"ನಾನು ದಿನಾ ನೋಡ್ತೀನಲ್ಲ."

"ಹೌದು, ನೀನು ನೋಡ್ತೀ," ಅಂದ.

ಶಿವರಾತ್ರಿಗೆ ಎರಡು ವಾರ ಇರುವಾಗ ಒಂದು ಭಾನುವಾರ ಸಾವ್ಕಾರ್ರು ತಮ್ಮ ಬೀಗರನ್ನು ಕರೆದುಕೊಂಡು ಬಂದರು. ಹದಿನಾಲ್ಕು ಮಂದಿ. ಹೋಗುವಾಗ ಎಲ್ಲ ಸರಿ ಇತ್ತು. ವಾಪಸ್ಸು ಬಂದು ಮೆಟ್ಟಿಲಿಗೆ ಹಚ್ಚುವಾಗ, ಅಣ್ಣ ಇಂಜಿನ್ನು ಇಳಿಸಿದ ಕೂಡಲೇ ಎಡಗಡೆ ಮೂಗು ಕುಸಿಯಿತು, ದೋಣಿ ಗಕ್ಕನೆ ಹೊರಳಿ ಕಲ್ಲಿನ ಕಟ್ಟೆಗೆ ಬಡಿಯಿತು. ಬೀಗರ ಕಡೆಯ ಒಬ್ಬ ಅಜ್ಜಿ ಬೆಂಚಿನಿಂದ ಕೆಳಗೆ ಬಿದ್ದರು. ಮೊಣಕಾಲು ತರಚಿತು, ಒಂದು ಕೈಯ ಬಳೆ ಅಷ್ಟೂ ಒಡೆದವು. ಅಜ್ಜಿಯೇ "ಏನಾಗಿಲ್ಲ ಬಿಡ್ರಪ್ಪ, ಬಳಿ ತಾನೆ" ಅಂದರು. ಆದರೆ ಸಾವ್ಕಾರ್ರ ಮುಖ ಕೆಂಪಾಗಿತ್ತು. ಬೀಗರನ್ನು ತೋಟದ ಮನೆಗೆ ಕಳಿಸಿ ಮೆಟ್ಟಿಲಿಗೆ ವಾಪಸ್ಸು ಬಂದರು.

"ಹನುಮಂತ, ನಿನಗೆ ಇದು ಹಿಡೀವಲ್ದೇನು?"

"ಎಡಕ್ಕೆ ತೂಕ ಐತ್ರಿ. ಒಂದು ನಾಲ್ಕು ಕೊಡ ನೀರಿನಷ್ಟು. ನನ್ನ ಕಾಲಿಗೆ ಗೊತ್ತಾಗ್ತೈತೆ."

ಸಾವ್ಕಾರ್ರು ನನ್ನ ಕಡೆ ತಿರುಗಿದರು. "ಏನವ್ವ, ನೋಡೋದು ನಿನ್ನ ಕೆಲಸ ಅಲ್ಲೇನು?"

ಮುಚ್ಚಳ ನನ್ನ ಕಾಲಿನಿಂದ ಎರಡು ಮೊಳ ದೂರ ಇತ್ತು. ಬಿಚ್ಚಿ ತೋರಿಸು ಅಂತ ಅವರು ಅನ್ನಲಿಲ್ಲ. ಅಂದಿದ್ದರೆ ಬಿಚ್ಚುತ್ತಿದ್ದೆ. ಅವರು ಅನ್ನದೇ ಇದ್ದದ್ದರಿಂದ ನಾನು ಪುಸ್ತಕ ತಂದು ತೋರಿಸಿದೆ. ಸಾವ್ಕಾರ್ರು ಹಾಳೆ ತಿರುವಿದರು. ಒಣ, ಒಣ, ಒಣ. ಅಣ್ಣನೂ ಬಗ್ಗಿ ಅಕ್ಷರಗಳ ಕಡೆ ನೋಡಿದ. ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ ಮರೆತುಹೋಗಿ ಅವನಿಗೆ ಈಗ ಓದಲು ಬರುವುದಿಲ್ಲ. ಆದರೂ ಅದನ್ನು ಬಹಳ ಹೊತ್ತು ನೋಡಿದ.

"ಬರದೈತೆ ಅಂದ್ರೆ ಸರಿನೇ ಇರ್ಬೇಕ್ರಿ," ಅಂದ.

ಅಲ್ಲಿಗಾದರೂ ನಾನು ನಿಲ್ಲಬಹುದಿತ್ತು. ಮನೆಗೆ ಬರುವಾಗ ದಾರಿಯಲ್ಲಿ ಅವನು ನನ್ನನ್ನು ಕೇಳಿದ, "ಹಂಗಾದ್ರೆ ನನ್ನ ಕಾಲಿಗೆ ಹಂಗ್ಯಾಕ ಅನಸ್ತೈತೆ?" ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಹರಿಹರದ ಡಾಕ್ಟರು ಮುಂದೆ ಕಾಲು ಜೋಮು ಹಿಡಿಯಬಹುದು, ಸ್ಪರ್ಶ ತಿಳಿಯದೇ ಹೋಗಬಹುದು ಅಂತ ಒಮ್ಮೆ ಹೇಳಿದ್ದರು. ನನಗೆ ಅದು ನೆನಪಿಗೆ ಬಂತು. ಬಂದ ಕೂಡಲೇ ಬಾಯಿಗೂ ಬಂತು.

"ಶುಗರ್ ಐತಲ್ಲಣ್ಣ ನಿನಗೆ. ಕಾಲಿಗೆ ಸುಳ್ಳು ಸುಳ್ಳೇ ಅನಸ್ತೈತೋ ಏನೋ."

ಅವನು ನಡೆಯುತ್ತಿದ್ದವನು ನಿಂತ. ಕೆಳಗೆ ತನ್ನ ಪಾದ ನೋಡಿಕೊಂಡ. "ಅದೂ ಖರೇನೇ," ಅಂದ.

ಮಾರನೆಯ ದಿನದಿಂದ ಅವನು ಜನರನ್ನು ಆಚೆ ಈಚೆ ಕೂರಿಸುವುದನ್ನು ಬಿಟ್ಟ. ಯಾರು ಎಲ್ಲಿ ಬೇಕಾದರೂ ಕೂರಲಿ. ಬಾಯಿಯೂ ಬಿದ್ದುಹೋಯಿತು, ಅಕ್ಕಾರೆ ಇಲ್ಲ, ನಂದೀಶ್ವರ ಇಲ್ಲ. ದೋಣಿ ಎಡಕ್ಕೆ ಎಳೆದರೆ ಕೈಯಿಂದ ಬಲಕ್ಕೆ ತಿರುಗಿಸುತ್ತಿದ್ದ, ಆಮೇಲೆ ತನ್ನ ಮೇಲೆಯೇ ಅನುಮಾನ ಬಂದು ಬಿಡುತ್ತಿದ್ದ, ದೋಣಿ ಹಾವಿನ ಹಾಗೆ ಹೋಗುತ್ತಿತ್ತು. ಮನೆಯಲ್ಲಿ ಒಂದು ಬೆಳಿಗ್ಗೆ ಅವನು ಹಾಸುಗಲ್ಲಿನ ಮೇಲೆ ಕಣ್ಣು ಮುಚ್ಚಿ ನಿಂತಿದ್ದ. "ಈ ಕಲ್ಲು ಸಮ ಐತೇನು ರತ್ನಿ?" ಅಂತ ಕೇಳಿದ. ಸಮ ಇದೆ ಅಂದೆ. "ನನಗೂ ಸಮ ಅನಸ್ತೈತೆ. ಆದ್ರೆ ನಂಬೋದು ಹೆಂಗೆ?" ಅಂದ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಸಾವ್ಕಾರ್ರು ಬೇರೆ ಡ್ರೈವರನ್ನು ಗೊತ್ತು ಮಾಡಿದರು. ಪ್ರವೀಣ ಅಂತ, ಕೆರೆಯ ಬೋಟಿಂಗಿನಲ್ಲಿ ಕೆಲಸ ಮಾಡಿದ್ದವನು, ಸರ್ಟಿಫಿಕೇಟು ಇದ್ದವನು. ಒಳ್ಳೆಯ ಮನುಷ್ಯ. ಸುದ್ದಿ ಬಂದಾಗ ನನಗೆ ಅಣ್ಣನ ಯೋಚನೆ ಮೊದಲು ಬರಲಿಲ್ಲ. ಇವನು ತಿಳಿದವನು, ಬಂದ ಕೂಡಲೇ ಮುಚ್ಚಳ ಬಿಚ್ಚಿಸುತ್ತಾನೆ ಅನ್ನುವುದು ಮೊದಲು ಬಂತು. ದಾವಣಗೆರೆಗೆ ಹೋಗಿ, ಪೈಪಿನ ಸಾಮಾನು ಮಾರುವ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಅಳತೆಯ ವಾಷರು ತಂದೆ. ಪ್ರವೀಣ ಬರುವ ದಿನ ಬೆಳಕು ಹರಿಯುತ್ತಲೇ ದಂಡೆಗೆ ಹೋಗಿ ಎಡಗಡೆಯ ಮುಚ್ಚಳ ಬಿಚ್ಚಿದೆ.

ಟ್ಯೂಬಿನ ತುಂಡು ಸುರುಟಿಕೊಂಡಿತ್ತು. ಕೋಲು ಇಳಿಸಿದರೆ ನಾಲ್ಕು ಬೆರಳಿನಷ್ಟು ಒದ್ದೆ. ಮೆಕ್ಯಾನಿಕ್ಕು ಕೊಟ್ಟಿದ್ದ ಕೈಪಂಪಿನ ಕೊಳವೆ ಗಿಡ್ಡ, ಹೊಳೆಗೆ ನೇರ ಬಿಡಲು ಬರುತ್ತಿರಲಿಲ್ಲ. ಕೊಡ ಇಟ್ಟು ತುಂಬಿಸಿ ಚೆಲ್ಲಬೇಕಾಗಿತ್ತು. ಹಾಗಾಗಿ ನನಗೆ ಎಣಿಸದೇ ಇರಲು ಆಗಲಿಲ್ಲ. ಎರಡಕ್ಕೆ ನಿಲ್ಲಲಿ ಅಂತ ಬೇಡಿಕೊಂಡೆ. ಮೂರಕ್ಕೆ ನಿಂತರೂ ಸಾಕಾಗಿತ್ತು. ನಾಲ್ಕನೇ ಕೊಡವೂ ತುಂಬಿತು, ಚೆಲ್ಲಿದೆ. ಐದನೆಯದು ಅರ್ಧ ಆಗಿ ಪಂಪು ಗಾಳಿ ಎಳೆಯಿತು. ಹೊಸ ವಾಷರು ಹಾಕಿ, ಕೈಯಿಂದಲೇ ಬಿಗಿ ಮಾಡಿದೆ.

ಹತ್ತು ಗಂಟೆಗೆ ಪ್ರವೀಣ ದೋಣಿ ಬಿಟ್ಟ. ಅಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಜಗಲಿ ನೂಲು ಹಿಡಿದ ಹಾಗೆ ನೇರ ಹೋಯಿತು. ನಡುಹೊಳೆಯಲ್ಲಿ ತಿರುಗಿ, ನೇರವಾಗಿಯೇ ಬಂದು, ತಾಯಿ ಮಗುವನ್ನು ಮಲಗಿಸಿದ ಹಾಗೆ ಮೆಟ್ಟಿಲಿಗೆ ತಾಗಿತು. ಪ್ರವೀಣ ಇಳಿದು, "ಚಲೋ ಐತ್ರಿ ಬೋಟು, ಏನೂ ತೊಂದ್ರಿಲ್ಲ" ಅಂದ. ಅಣ್ಣ ಅವನಿಗೆ ಇಂಜಿನ್ನಿನ ಬೀಗದ ಕೈ ಕೊಟ್ಟ. ಗಾಳಿ ಎದ್ದಾಗ ಮೂಗು ಯಾವ ಕಡೆ ಹಿಡಿಯಬೇಕು ಅನ್ನುವುದನ್ನೂ ಹೇಳಿಕೊಟ್ಟ. ನನ್ನ ಕಡೆ ನೋಡಿ, "ನೀನು ಅಂದಿದ್ದೇ ಖರೆ ರತ್ನಿ, ಕಾಲಿಂದೇ ದೋಷ" ಅಂದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ.

ಆವತ್ತು ಬಾಯಿ ತೆರೆಯಲು ನನಗೆ ಒಂದು ಉಸಿರಿನಷ್ಟು ಹೊತ್ತು ಇತ್ತು. ತೆರೆಯಲಿಲ್ಲ. ಹೆದರಿಕೆ ಅನ್ನಬಹುದು. ಆದರೆ ಹೆದರಿಕೆಯ ಕೆಲಸ ಆಗಲೇ ಮುಗಿದಿತ್ತು, ವಾಷರು ಹಾಕಿ ಆಗಿತ್ತು.

ಸಾವ್ಕಾರ್ರು ಅಣ್ಣನನ್ನು ಕೈಬಿಡಲಿಲ್ಲ. ದಾವಣಗೆರೆಯ ತಮ್ಮ ಬಟ್ಟೆ ಗೋಡೌನಿನ ಬಾಗಿಲಿಗೆ ಕೂರಿಸಿದರು. ಅವನೂ ಅತ್ತಿಗೆಯೂ ಹಿಂದಿನ ಕೋಣೆಯಲ್ಲಿ ಇದ್ದಾರೆ. ಡಾಕ್ಟರು ಹೇಳಿದಂತೆ ಮೆತ್ತನೆಯ ಶೂ, ಸಾಕ್ಸು. ಕಾಲು ನೆಲಕ್ಕೆ ಊರಿ ಕುರ್ಚಿಯ ಮೇಲೆ ಕೂತಿರುತ್ತಾನೆ. ನನಗೂ ಆ ದೋಣಿಯ ಕೆಲಸ ಬೇಡವಾಯಿತು. ಮುಂದಿನ ಮಳೆಗಾಲಕ್ಕೆ ಬಿಟ್ಟು ಆನೆಕೊಂಡಕ್ಕೆ ಬಂದೆ. ವಾರಕ್ಕೊಮ್ಮೆ ಮಂಡಕ್ಕಿ ಕಟ್ಟಿಕೊಂಡು ಅವನನ್ನು ನೋಡಲು ಹೋಗುತ್ತೇನೆ. ಹೇಳಬೇಕು ಅಂತಲೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಲ್ಲಿ ಹೋದರೆ ಅವನು, "ಹೆಂಗಿದೀಯವ್ವ, ಭಟ್ಟಿ ಹೊಗಿಗೆ ಕೆಮ್ಮು ಹತ್ತೈತೇನು?" ಅಂತ ಕೇಳುತ್ತಿದ್ದ. ಮಾತು ಹೊಗೆಯ ಕಡೆಗೆ ಹೋಗಿಬಿಡುತ್ತಿತ್ತು.

ಕಳೆದ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗೋಣ ಅಂತ ನಾನೇ ಅವನನ್ನು ಹೊರಡಿಸಿದೆ. ಗದ್ದುಗೆಗೆ ಕಾಯಿ ಒಡೆಸಿ ವಾಪಸ್ಸು ಬರುವಾಗ ತೋಟದ ಹತ್ತಿರ ಬಸ್ಸು ಇಳಿದೆವು. ಅವನು ಯಾಕೆ ಅಂತ ಕೇಳಲಿಲ್ಲ. ಮಧ್ಯಾಹ್ನದ ಬಿಸಿಲು. ಜಗಲಿ ಮೆಟ್ಟಿಲಿಗೆ ಕಟ್ಟಿತ್ತು, ನೀಲಿ ಚಪ್ಪರ ಬಣ್ಣ ಕಳೆದುಕೊಂಡಿತ್ತು. ಪ್ರವೀಣ ಬೆಂಚಿನ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದವನು, "ಬರ್ರಿ ಹನುಮಂತಣ್ಣ, ಹತ್ರಿ, ಒಂದು ಸುತ್ತು ಹೋಗಿ ಬರಾಣ" ಅಂದ.

"ಬ್ಯಾಡಪ್ಪ. ನಾನು ಹತ್ತಿದ್ರೆ ಎಡಕ್ಕೆ ಎಳಿತೈತೆ," ಅಂತ ಅಣ್ಣ ನಕ್ಕ.

ಆ ನಗು ನೋಡಿದ ಮೇಲೆ ನನಗೆ ಬಸ್ಸಿನಲ್ಲಿ ಜೋಡಿಸಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ, ಹಿಂದುಮುಂದಾಗಿ, ಬಾಯಿಗೆ ಬಂದಂತೆ ಹೇಳಿದೆ. ಪಾನ, ಚಟ್ ಅಂದದ್ದು, ಸೈಕಲ್ ಟ್ಯೂಬು, ಬಿಚ್ಚದೇ ಬರೆದ ಒಣ, ಬೆಳಿಗ್ಗೆ ತೆಗೆದ ನೀರು. ಶುಗರ್ ಅಂತ ನಾನು ಅಂದದ್ದು ಸುಳ್ಳು ಅಂತಲೂ ಹೇಳಿದೆ. ಪ್ರವೀಣನ ಕೈಯಲ್ಲಿ ತುತ್ತು ಹಾಗೇ ನಿಂತಿತು.

ಅಣ್ಣ ನನ್ನನ್ನು ನೋಡಲಿಲ್ಲ. ಬೈಯಲೂ ಇಲ್ಲ, ಯಾಕೆ ಅಂತ ಕೇಳಲೂ ಇಲ್ಲ. ಹೊಳೆಯ ಕಡೆ ತಿರುಗಿದ.

"ಎಷ್ಟು ಬಂತು?" ಅಂದ.

"ಏನಣ್ಣ?"

"ನೀರು. ಎಷ್ಟು ಕೊಡ ಬಂತು?"

"ನಾಲ್ಕು ತುಂಬಿದ್ವು. ಐದನೇದು ಅರ್ಧ."

"ನಾನು ನಾಲ್ಕು ಅಂದಿದ್ದೆ," ಅಂದ. ತುಟಿಯೊಳಗೇ ಏನೋ ಲೆಕ್ಕ ಹಾಕಿದ. ಬೀಗರು ಬಂದ ಭಾನುವಾರದಿಂದ ನಾನು ನೀರು ತೆಗೆದ ದಿನದವರೆಗೆ ಬೆರಳು ಮಡಚಿದ. "ಅಷ್ಟು ದಿನಕ್ಕೆ ಇನ್ನರ್ಧ ಸೇರಿರ್ಬೇಕು. ಹಂಗಾದ್ರೆ ನಾಲ್ಕೇ."

ನನಗೆ ಹೇಳಿದ್ದಲ್ಲ ಅದು. ಕೆಳಗಿನ ಮೆಟ್ಟಿಲಿಗೆ ಕೂತು ಶೂ ಬಿಚ್ಚಿದ. ಸಾಕ್ಸು ಎಳೆದು ಶೂ ಒಳಗೆ ತುರುಕಿದ. ಎರಡು ವರ್ಷ ಬಿಸಿಲು ಕಾಣದ ಪಾದ ಬೇರೆ ಯಾರದೋ ಎನ್ನುವಷ್ಟು ಬೆಳ್ಳಗೆ ಇತ್ತು. ಕೈ ಹಿಂದಕ್ಕೆ ಚಾಚಿ, ತಿರುಗಿ ನೋಡದೆ, "ಇವನ್ನ ಹಿಡ್ಕ" ಅಂದ.

ಹಿಡಿದುಕೊಂಡೆ. ಅವನು ಒಂದು ಕಾಲು ಜಗಲಿಯ ಹಲಗೆಯ ಮೇಲೆ ಇಟ್ಟ, ಇನ್ನೊಂದನ್ನೂ ಇಟ್ಟ, ಕಣ್ಣು ಮುಚ್ಚಿದ. ಪ್ರವೀಣ ಬುತ್ತಿ ಬದಿಗಿಟ್ಟು ಏಳಲು ಹೋದ. ಅಣ್ಣ ಕಣ್ಣು ತೆರೆಯದೇ, "ಅಲ್ಲೇ ಕೂಡಪ್ಪ, ಅಲುಗಾಡಬ್ಯಾಡ" ಅಂದ.

ನನ್ನ ಮೇಲೆ ಸಿಟ್ಟಿತ್ತೋ, ಇಲ್ಲವೋ, ಇನ್ನು ಮುಂದೆ ಬರುವುದಿದೆಯೋ, ಒಂದೂ ತಿಳಿಯಲಿಲ್ಲ. ಮಂಡಕ್ಕಿ ತೆಗೆದುಕೊಂಡು ಹೋದರೆ ಈಗಲೂ ಭಟ್ಟಿಯ ಹೊಗೆಯ ಮಾತೇ ಕೇಳುತ್ತಾನೆ. ಅವತ್ತು ಮಾತ್ರ ಅವನು ಬಹಳ ಹೊತ್ತು ಹಾಗೇ ನಿಂತಿದ್ದ. ನಾನು ಬಿಸಿಲಿನಲ್ಲಿ ಅವನ ಎರಡೂ ಶೂ ಎದೆಗೆ ಅವಚಿಕೊಂಡು, ಕೆಳಗಿಡಬಹುದೋ ಇಡಬಾರದೋ ಗೊತ್ತಾಗದೆ, ಮೆಟ್ಟಿಲ ಮೇಲೆ ನಿಂತೇ ಇದ್ದೆ.